ಓದುಗರ ಪ್ರಶ್ನೆ: ಜುವಾರಿ ಸೇತುವೆಗೆ ಕೇಬಲ್‌ಗಳೇಕೆ?

ಪ್ರಶ್ನೆ: ಕಾರವಾರ, ಮಡಗಾಂವ್ ಮಾರ್ಗವಾಗಿ ಪಣಜಿಗೆ ಹೋಗುವಾಗ ಜುವಾರಿ ನದಿಯ ಹೊಸ ಸೇತುವೆಯನ್ನು ದಾಟಿದೆವು. ಪಕ್ಕದ ಹಳೆಯ ಸೇತುವೆ ಬರೀ ಕಂಬಗಳ ಮೇಲೆ ನಿಂತಿರುವಾಗ ಹೊಸದಕ್ಕೆ ಇಷ್ಟೊಂದು ಕೇಬಲ್ ಏಕೆ ಬೇಕಾಯಿತು? ಇದು ತೂಗುಸೇತುವೆಯೇ? ಒಂದು ಕೇಬಲ್ ಹರಿದರೆ ಗತಿಯೇನು?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇದನ್ನು ಅನೇಕರು ತೂಗುಸೇತುವೆ ಎಂದೇ ಕರೆಯುತ್ತಾರೆ, ಆದರೆ ಅದು ಸರಿಯಲ್ಲ. ಮಲೆನಾಡಿನ ಹೊಳೆಗಳ ಮೇಲಿನ ತೂಗುಸೇತುವೆಗಳಲ್ಲಿ ಎರಡು ದಪ್ಪ ಕೇಬಲ್‌ಗಳು ಬಟ್ಟೆ ಒಣಹಾಕುವ ಹಗ್ಗದಂತೆ ದಡದಿಂದ ದಡಕ್ಕೆ ಜೋತುಬಿದ್ದಿರುತ್ತವೆ. ನಡೆಯುವ ಹಲಗೆ ಅವುಗಳಿಂದ ನೇತಾಡುತ್ತದೆ. ಜುವಾರಿಯಲ್ಲಿ ಪ್ರತಿ ಕೇಬಲ್ಲೂ ಗೋಪುರದಿಂದ ಓರೆಯಾಗಿ, ನೇರವಾಗಿ ರಸ್ತೆಯನ್ನೇ ಹಿಡಿದಿದೆ. ಹಳೆಯ ಅಂಗಡಿಗಳ ಮುಂದೆ ಮಡಚುವ ಹಲಗೆಯನ್ನು ಎರಡು ಸರಪಳಿಗಳು ಓರೆಯಾಗಿ ಹಿಡಿದಿರುವುದನ್ನು ನೀವು ನೋಡಿರಬಹುದು, ಲೆಕ್ಕ ಅದೇ.

ಓರೆಯಾದ ಕೇಬಲ್ ರಸ್ತೆಯನ್ನು ಮೇಲಕ್ಕೆತ್ತುವುದರ ಜೊತೆಗೆ ಗೋಪುರದ ಕಡೆಗೂ ಎಳೆಯುತ್ತದೆ. ಗೋಪುರದ ಎರಡೂ ಬದಿಯ ಎಳೆತ ಸಮವಾಗಿದ್ದರೆ ಗೋಪುರ ವಾಲುವುದಿಲ್ಲವಾದ್ದರಿಂದ, ಕಟ್ಟುವವರು ಕಾವಡಿ ಹೊತ್ತವನಂತೆ ಆ ಕಡೆ ಒಂದು ತುಂಡು, ಈ ಕಡೆ ಒಂದು ತುಂಡು ಜೋಡಿಸುತ್ತ, ನಡುನೀರಿನಲ್ಲಿ ಆಸರೆಯನ್ನೇ ಊರದೆ ಮುಂದೆ ಸಾಗುತ್ತಾರೆ. ನಿಮ್ಮ ಮೊದಲ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲಿದೆ. ಅಳಿವೆಯ ತಳದಲ್ಲಿ ಕೆಸರು, ದಿನಕ್ಕೆರಡು ಸಲ ಉಬ್ಬರ ಇಳಿತ, ಮೇಲೆ ಮುರಗಾಂವ್ ಬಂದರಿನತ್ತ ಅದಿರು ಸಾಗಿಸುವ ಬಾರ್ಜ್‌ಗಳ ದಾರಿ. ಅಲ್ಲಿ ಊರುವ ಒಂದೊಂದು ಕಂಬವೂ ದುಬಾರಿ ಅಡಿಪಾಯ, ಬಾರ್ಜ್‌ಗಳಿಗೆ ಅಡ್ಡಿ, ಮುಂದೆ ನೀರಿಗಿಳಿದು ಪರೀಕ್ಷಿಸಬೇಕಾದ ಹೊರೆ. ಕೇಬಲ್‌ಗಳಿಂದಾಗಿ ನಡುವಿನ 360 ಮೀಟರ್ ಉದ್ದಕ್ಕೂ ಒಂದು ಕಂಬವೂ ಇಲ್ಲ. ನೋಡಲು ಚೆಂದ ಎನ್ನುವುದು ಮೇಲೆ ಸಿಕ್ಕ ಲಾಭವಷ್ಟೇ.

ಇನ್ನು ಹರಿಯುವ ಭಯ. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಹಳೆಯ ಕಾಳಿ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದ ಮೇಲೆ ಈ ಪ್ರಶ್ನೆ ಯಾರಿಗಾದರೂ ಬರುವಂಥದ್ದೇ. ಆದರೆ ಇಂಥ ಸೇತುವೆಯ ಒಂದು ಕೇಬಲ್ ಎಂದರೆ ಒಂದೇ ಹುರಿಯಲ್ಲ. ಏಳೇಳು ಉಕ್ಕಿನ ತಂತಿಗಳನ್ನು ಹೆಣೆದ ಹತ್ತಾರು ಎಳೆಗಳ ಕಟ್ಟು ಅದು. ತುಕ್ಕು ಹಿಡಿಯದಂತೆ ಎಳೆಗಳಿಗೆ ಲೇಪನವಿದ್ದು, ಇಡೀ ಕಟ್ಟು ಪ್ಲಾಸ್ಟಿಕ್ ಕೊಳವೆಯೊಳಗಿರುತ್ತದೆ. ಒಂದು ಕೇಬಲ್ ಇಲ್ಲವಾದರೂ ಅಕ್ಕಪಕ್ಕದವು ಭಾರ ಹೊರುವಂತೆ ಮೊದಲೇ ಲೆಕ್ಕ ಹಾಕಿರುತ್ತಾರೆ. ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕಲೂಬಹುದು. ಉಪ್ಪುಗಾಳಿಯ ತುಕ್ಕೇ ಹೆಚ್ಚು ಕಾಡುವ ಶತ್ರು. ಇಂಥ ಕೊಳವೆಗಳ ಮೈಮೇಲೆ ಸಾಮಾನ್ಯವಾಗಿ ತೆಳುವಾದ ಏಣೊಂದು ಬಳ್ಳಿಯಂತೆ ಸುತ್ತಿಕೊಂಡಿರುತ್ತದೆ. ಗಾಳಿಮಳೆಯಲ್ಲಿ ನೀರು ಒಂದೇ ಗೆರೆಯಾಗಿ ಇಳಿದರೆ ಕೇಬಲ್ ಜೋರಾಗಿ ತುಯ್ಯತೊಡಗುತ್ತದೆ. ಆ ಏಣು ನೀರಿನ ಗೆರೆಯನ್ನು ಮುರಿಯುತ್ತದೆ. ಇಂಥ ಸೇತುವೆ ದಾಟುವಾಗ ಗಮನಿಸಿ, ನೀವೇ ಚಾಲಕರಲ್ಲದಿದ್ದರೆ ಮಾತ್ರ!

ಪ್ರಶ್ನೆ: ನಮ್ಮ ವರದಾ ನದಿಗೆ ಇಂಥ ಸೇತುವೆ ಏಕಿಲ್ಲ?
— ಓದುಗರೊಬ್ಬರು, ಹಾವೇರಿ

ಉತ್ತರ: ಬೇಸಿಗೆಯಲ್ಲಿ ನೀರು ಇಳಿಯುವ ನದಿಯಲ್ಲಿ ಕಂಬ ಊರುವುದು ಸುಲಭ ಮತ್ತು ಅಗ್ಗ. ಶರಾವತಿ ಹಿನ್ನೀರಿನಂತೆ ವರ್ಷವಿಡೀ ಆಳವಾದ ನೀರು ನಿಲ್ಲುವಲ್ಲಿ ಕೇಬಲ್ ಬೇಕಾಯಿತು. ಸಿಗಂದೂರಿನ ದಾರಿಯ 2.44 ಕಿಲೋಮೀಟರ್ ಉದ್ದದ ಆ ಸೇತುವೆ 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆದಿದೆ.