ಫೋಟೋಶಾಪಿನ ಎಐ ಫೀಚರ್‌ಗಳಿಗೋಸ್ಕರ ಸಾಲ ಮಾಡಿ ಹೊಸ ಕಂಪ್ಯೂಟರ್ ತಗೊಳ್ಳಲಾ?

ಮುಧೋಳದಲ್ಲಿ ಮದುವೆ ಆಲ್ಬಮ್ ಡಿಸೈನು, ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಕಂಪ್ಯೂಟರಿಗೆ 5,000 ಅಡ್ವಾನ್ಸ್, ಉಳಿದದ್ದು ಸಾಲ, ಎಐ ಇಲ್ಲದಿದ್ರೆ ಗಿರಾಕಿ ಕೈಬಿಡ್ತಾರೆ ಅನ್ನೋ ಹೆದರಿಕೆ. ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳೀಬೇಡ್ರಿ. 2023ರಲ್ಲಿ ನಾನೂ ಇದೇ ಲೆಕ್ಕ ಹಾಕ್ತಾ ಕೂತಿದ್ದೆ.

ನನ್ನದು ಬಾಗಲಕೋಟೆ ನವನಗರ. ಆ ವರ್ಷ ಮೇ ತಿಂಗಳಲ್ಲಿ ಫೋಟೋಶಾಪಿನ ಬೀಟಾದಲ್ಲಿ, ಅಂದ್ರೆ ಪರೀಕ್ಷೆಗೆ ಬಿಟ್ಟ ಆವೃತ್ತಿಯಲ್ಲಿ, ಜನರೇಟಿವ್ ಫಿಲ್ ಅನ್ನೋ ಎಐ ಫೀಚರ್ ಬಂತು. ಡೆಮೊ ವಿಡಿಯೋ ನೋಡಿ ನೋಡಿ ನಿದ್ದೆ ಹೋಯ್ತು. ಜಾಗ ಸೆಲೆಕ್ಟ್ ಮಾಡು, ಏನು ಬೇಕೋ ಬರಿ, ಗುಂಡಿ ಒತ್ತು, ಮುಗೀತು. ಸೆಪ್ಟೆಂಬರಿನಲ್ಲಿ ಬೀಟಾ ಕಳಚಿ ಎಲ್ಲರ ಕೈಗೂ ಬಂತು. ನಾನು ಹುಬ್ಬಳ್ಳಿ ಬಸ್ ಹತ್ತಿದೆ. ಅಂಗಡಿಯವ "ಎಐ ಮಾಡೋದಿದ್ರ ಈ ಕಾರ್ಡ್ ಬೇಕ ಬೇಕ್ರಿ ಸರ್" ಅಂದ. 92,000 ರೂಪಾಯಿ, ಹದಿನೆಂಟು ಕಂತು.

ತಂದು ಜೋಡಿಸಿದ ಮೊದಲ ಸಂಜೆ ನೆಟ್ ಹೋಯ್ತು. ನೆಟ್ ಜೊತೆ ಜನರೇಟಿವ್ ಫಿಲ್ಲೂ ಹೋಯ್ತು! ಆಗ ತಲೆಗೆ ಹೊಳೀತು, ಅದು ಚಿತ್ರ ಹುಟ್ಟಿಸೋದು ಫೋಟೋಶಾಪ್ ಮಾಡೋ ಅಡೋಬಿ ಕಂಪನಿಯ ಸರ್ವರಿನಲ್ಲಿ ಅಂತ. ನನ್ನ ಕಾರ್ಡು ಸುಮ್ಮನೆ ಫ್ಯಾನ್ ತಿರುಗಿಸ್ತಾ ಕೂತಿತ್ತು. ಯಾವ ಗುಂಡಿಗೆ ಕಾರ್ಡ್ ಬೇಕು, ಯಾವ ಗುಂಡಿಗೆ ಬರೀ ನೆಟ್ ಸಾಕು ಅನ್ನೋದನ್ನ ಅಂಗಡಿಯವ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇಷ್ಟೇ ಆಗಿದ್ರೆ ಕಂತು ಕಟ್ಟಿ ಮರೀತಿದ್ದೆ.

ಡಿಸೆಂಬರಿನಲ್ಲಿ ಇಳಕಲ್ಲಿನ ಒಂದು ನೇಕಾರರ ಮನೆಯ ಮದುವೆ. ಅಕ್ಕಿಕಾಳು ಬೀಳೋ ಹೊತ್ತಿನ ಫೋಟೋ. ಬಾಸಿಂಗ ಕಟ್ಟಿದ ಹುಡುಗ, ಹುಡುಗಿ, ಎಡಕ್ಕೆ ಹುಡುಗಿಯ ಅಜ್ಜಿ. ಕ್ಯಾಮೆರಾದ ಹುಡುಗ ಉದ್ದಕ್ಕೆ ಹಿಡಿದು ಹೊಡೆದಿದ್ದ, ಅಜ್ಜಿಯ ಸೆರಗು ಅರ್ಧ ಫ್ರೇಮಿನಾಚೆ. ಆಲ್ಬಮ್ಮಿನ ಜೋಡಿ ಪುಟ 12 ಇಂಚು ಎತ್ತರ, 36 ಇಂಚು ಅಗಲ. ಮೊದಲಾಗಿದ್ರೆ ಖಾಲಿ ಜಾಗಕ್ಕೆ ಎರಡು ಸಣ್ಣ ಫೋಟೋ ಕೂಡಿಸಿ ಕೈ ತೊಳ್ಕೊಳ್ತಿದ್ದೆ. ಈ ಸಲ ಕ್ಯಾನ್ವಾಸನ್ನ ಎಡಕ್ಕೆ ಜಗ್ಗಿ ಗುಂಡಿ ಒತ್ತಿದೆ. ಚಹಾ ಒಂದು ಗುಟುಕು ಕುಡಿಯೋದ್ರೊಳಗೆ ಮಂಟಪ ಬೆಳೀತು, ಚೆಂಡುಹೂವಿನ ಮಾಲೆ ಬೆಳೀತು, ಅಜ್ಜಿಯ ಸೆರಗು ಪೂರ್ತಿ ಆಯ್ತು. ಹೆಂಡತಿಯನ್ನ ಅಡುಗೆಮನೆಯಿಂದ ಕರೆದು ತೋರಿಸಿದೆ.

ತಪ್ಪು ಎಲ್ಲಾಯ್ತು ಅನ್ನೋದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಬೇಜಾರಾದ್ರೂ ಓದ್ರಿ. ನಾನು ಆ ಪುಟ ನೋಡಿದ್ದು ಕಂಟ್ರೋಲ್ ಸೊನ್ನೆ ಒತ್ತಿ, ಅಂದ್ರೆ ಇಡೀ ಪುಟ ಸ್ಕ್ರೀನಿಗೆ ಹಿಡಿಸೋ ಹಂಗೆ. ಪ್ರಿಂಟಿನ 300 ಡಿಪಿಐ, ಅಂದ್ರೆ ಇಂಚಿಗೆ 300 ಚುಕ್ಕೆ ಲೆಕ್ಕಕ್ಕೆ 36 ಇಂಚು ಅಂದ್ರೆ 10,800 ಪಿಕ್ಸೆಲ್. ನನ್ನ ಮಾನಿಟರಿನ ಅಗಲ 1,920. ಅಡ್ಡಕ್ಕೆ ಐದಾರು ಪಿಕ್ಸೆಲ್ ಸೇರಿ ಒಂದಾಗಿ ಕಾಣೋವಾಗ ಎಂಥ ಹುಳುಕಾದ್ರೂ ಮುಚ್ಚಿಹೋಗ್ತದೆ. ಆಗಿನ ಜನರೇಟಿವ್ ಫಿಲ್ ಒಂದು ಸಲಕ್ಕೆ ಹುಟ್ಟಿಸ್ತಿದ್ದದ್ದು 1024ಕ್ಕೆ 1024 ಪಿಕ್ಸೆಲ್ ಮಾತ್ರ. 300ರಿಂದ ಭಾಗಿಸಿ ನೋಡ್ರಿ, ಪ್ರಿಂಟಿನಲ್ಲಿ ಮೂರೂವರೆ ಇಂಚೂ ಆಗಲ್ಲ. ನಾನು ತುಂಬಿಸಿದ್ದು 12 ಇಂಚಿಗೆ 12 ಇಂಚು. ಕರ್ಚೀಫನ್ನ ಜಗ್ಗಿ ಕೌದಿ ಮಾಡಿದಂಗೆ. ಕಂಟ್ರೋಲ್ ಒಂದು ಒತ್ತಿದ್ರೆ ನೂರು ಪರ್ಸೆಂಟಿಗೆ ಹೋಗ್ತದೆ, ಕ್ಷಣದಲ್ಲಿ ಬಣ್ಣ ಬಯಲಾಗ್ತಿತ್ತು. ಒತ್ತಲಿಲ್ಲ.

ಯಾಕೆ ಒತ್ತಲಿಲ್ಲ ಅಂತ ಆಮೇಲೆ ಎಷ್ಟೋ ರಾತ್ರಿ ಯೋಚಿಸಿದೀನಿ. ಹದಿನಾಲ್ಕು ವರ್ಷ ಕ್ಲೋನ್ ಸ್ಟ್ಯಾಂಪ್ (ಚಿತ್ರದ ಒಂದು ಕಡೆಯದನ್ನ ನಕಲು ಮಾಡಿ ಇನ್ನೊಂದು ಕಡೆ ಕೈಯಾರೆ ಬಳಿಯೋ ಟೂಲು) ಹಿಡಿದು ಕೆಲಸ ಮಾಡಿದವ ನಾನು. ಆ ಕೆಲಸ ಹತ್ತಿರ ಹೋಗದೆ ಆಗೋದೇ ಇಲ್ಲ. ಮೂಗು ಸ್ಕ್ರೀನಿಗೆ ತಾಗೋ ಹಂಗೆ ಕೂತು ಮಾಡ್ತೀವಿ, ಹಾಗಾಗಿ ತಪ್ಪು ತಾನಾಗೇ ಕಣ್ಣಿಗೆ ಬೀಳ್ತದೆ. ಈ ಗುಂಡಿ ದೂರದಿಂದಲೇ ಕೆಲಸ ಮುಗಿಸಿಕೊಡ್ತು, ಹತ್ತಿರ ಹೋಗೋ ಸಂದರ್ಭವೇ ಬರಲಿಲ್ಲ. ಗಿರಾಕಿಗೆ ವಾಟ್ಸಾಪಿನಲ್ಲಿ ಕಳಿಸಿದೆ, ಅಂಗೈಯಗಲದ ಮೊಬೈಲಿನಲ್ಲಿ ನೋಡಿ "ಭಾರಿ ಆಗೇತ್ರಿ" ಅಂದ್ರು. ಲ್ಯಾಬಿನವರ ಪ್ರಿವ್ಯೂ ಬಂತು, ಅದೂ ಅಷ್ಟೇ ಗಾತ್ರದ್ದು. ಮೂರು ಸಲ ಚೆಕ್ ಮಾಡೀನಿ ಅಂತ ಧೈರ್ಯ, ಮೂರೂ ಸಲ ನೋಡಿದ್ದು ದೂರದಿಂದ.

ಆಲ್ಬಮ್ ಕೊಡೋಕೆ ನಾನೇ ಇಳಕಲ್ಲಿಗೆ ಹೋದೆ. ಮಗ್ಗದ ಕೋಣೆಯ ಹೊಸ್ತಿಲಲ್ಲಿ ಹುಡುಗಿಯ ಅಜ್ಜ ಕೂತಿದ್ರು. ಆಲ್ಬಮ್ ತೊಡೆ ಮೇಲಿಟ್ಟುಕೊಂಡು ಒಂದೊಂದೇ ಪುಟ ತಿರುವಿ, ಆ ಪುಟಕ್ಕೆ ಬಂದು ನಿಂತ್ರು. ಬೆರಳು ಸೆರಗಿನ ಮೇಲೆ.

"ಇದು ಯಾರ ಸೀರಿ?"

"ಅಮ್ಮಾರ್ದ ರೀ."

"ತೆನಿ ಎಲ್ಲಿ?"

ಇಳಕಲ್ ಸೆರಗು ನಿಮಗೆ ಗೊತ್ತೇ ಇರ್ತದೆ. ಕೆಂಪು ನೆಲ, ಬಿಳಿ ತೋಪುತೆನಿ, ಜೋಳದ ತೆನೆ ಸಾಲಾಗಿ ನಿಂತಂಗೆ. ಮೈಯ ಹಾಸಿಗೂ (ಮಗ್ಗದ ಉದ್ದದ ಎಳೆಗಳಿಗೂ) ಸೆರಗಿನ ಹಾಸಿಗೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸ್ತಾರೆ. ಫೋಟೋದಲ್ಲಿ ನಿಜವಾಗಿ ಇದ್ದ ಅರ್ಧದಲ್ಲಿ ತೆನಿ ಒಂದೊಂದೂ ಬಿಡಿಬಿಡಿಯಾಗಿ ಎಣಿಸೋ ಹಂಗಿದ್ವು. ಹುಟ್ಟಿಸಿದ ಅರ್ಧದಲ್ಲಿ ಅವು ಕರಗಿ ಯಾವುದೋ ಜರಿ ಬಳ್ಳಿಯಾಗಿದ್ವು, ಬಳ್ಳಿ ಮುಂದೆ ಹೋಗಿ ಮಸುಕು ಮಸುಕು. ಕೊಂಡಿ ಕೂಡಿದ ಗೆರೆ ಹಾದಿ ತಪ್ಪಿ ದಡಿಯೊಳಗೆ ಸೇರಿಕೊಂಡಿತ್ತು. ಕೈಯಲ್ಲಿನ ಹಸಿರು ಬಳೆಗಳೆಲ್ಲ ಅಂಟಿ ಒಂದೇ ಕೊಳವೆ. ಅಜ್ಜ ದನಿ ಏರಿಸಲಿಲ್ಲ. "ಇದನ್ನ ನೇದಾವ ನಾನು. ಹಿಂಗ ನೇಯಂಗಿಲ್ಲ" ಅಂದು ಆಲ್ಬಮ್ ಮುಚ್ಚಿ ನನ್ನ ಕೈಗೇ ಕೊಟ್ರು.

ಮತ್ತೆ ಪ್ರಿಂಟ್ ಹಾಕಿಸಿದ್ದು ನನ್ನ ಖರ್ಚಿನಲ್ಲಿ, 16,500 ರೂಪಾಯಿ. ಎರಡನೇ ಸಲ ಅರ್ಧ ಸೆರಗು ಅರ್ಧವೇ ಇಟ್ಟು, ಪಕ್ಕದಲ್ಲಿ ಎರಡು ಸಣ್ಣ ಫೋಟೋ ಕೂಡಿಸಿದೆ. ಯಾರೂ ಏನೂ ಅನ್ನಲಿಲ್ಲ.

ಆಮೇಲಿನ ಆವೃತ್ತಿಗಳಲ್ಲಿ ಸ್ಪಷ್ಟತೆ ಸುಧಾರಿಸಿದೆ, ಸುಳ್ಳು ಹೇಳಲ್ಲ. ಆದ್ರೂ ಗಿರಾಕಿಯ ಬಟ್ಟೆ, ಒಡವೆ, ಮುಖ ಇರೋ ಕಡೆ ನಾನು ಅದನ್ನ ಮುಟ್ಟಲ್ಲ. ಆಕಾಶ, ಗೋಡೆ, ಶಾಮಿಯಾನಾದ ಬಟ್ಟೆಗೆ ಬಳಸ್ತೀನಿ, ಕಂಟ್ರೋಲ್ ಒಂದು ಒತ್ತಿ.

ಈಗ ನಿಮ್ಮ ಹೆದರಿಕೆ. ಎಐ ಇಲ್ಲ ಅಂತ ಗಿರಾಕಿ ಹೋಗ್ತಾರೆ ಅನ್ನೋದನ್ನ ನಾನು ಒಪ್ಪಲ್ಲ. ನನ್ನ ಅನುಭವದಲ್ಲಿ ಗಿರಾಕಿ ಹೋಗಿದ್ದು ಎರಡೇ ಕಾರಣಕ್ಕೆ: ಆಲ್ಬಮ್ ತಡ ಆಯ್ತು, ಇಲ್ಲಾ ಹೆಸರು ತಪ್ಪಾಯ್ತು. "ಮಲ್ಲಿಕಾರ್ಜುನ"ದ ಒತ್ತು, ಅರ್ಕಾವತ್ತು ಚೆದುರಿ ಬಿದ್ದ ಲಗ್ನಪತ್ರಿಕೆ ಎಷ್ಟು ನೋಡಿಲ್ಲ ನಾವು! ಫೋಟೋಶಾಪಿನ ಹಿಂದಿನ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್ ಒಳಗೆ ಟೈಪ್ ಅಂತ ಇತ್ತು, ಅಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿದ್ರೆ ಯೂನಿಕೋಡ್ ಕನ್ನಡ ಸರಿಯಾಗಿ ಕೂಡ್ತಿತ್ತು. ಈ ಸೌಲಭ್ಯ ಬಂದಾಗ ಯಾರೂ ಡಂಗುರ ಹೊಡೀಲಿಲ್ಲ. ನನ್ನ ಪಾಲಿಗೆ ಮಾತ್ರ ಅದಕ್ಕಿಂತ ದೊಡ್ಡ ಫೀಚರ್ ಇವತ್ತಿಗೂ ಬಂದಿಲ್ಲ.

ಡಂಗುರದ ಲೆಕ್ಕ ಬೇರೆ. 2010ರಲ್ಲಿ ಫೋಟೋಶಾಪಿನ ಸಿಎಸ್5 ಆವೃತ್ತಿ ಜೊತೆ, ಅಳಿಸಿದ ಜಾಗವನ್ನ ಸುತ್ತಲಿನ ಚಿತ್ರ ನೋಡಿ ತಾನೇ ತುಂಬೋ ಕಂಟೆಂಟ್-ಅವೇರ್ ಫಿಲ್ ಬಂದಾಗಲೂ ಇನ್ನು ರೀಟಚ್ ಮಾಡೋರಿಗೆ ಕೆಲಸ ಇಲ್ಲ ಅಂದಿದ್ರು. ಸಿಎಸ್6 ತನಕ ಒಮ್ಮೆ ದುಡ್ಡು ಕೊಟ್ರೆ ಸಾಫ್ಟ್‌ವೇರ್ ನಮ್ಮದು. 2013ರಿಂದ ತಿಂಗಳ ಬಾಡಿಗೆ. ಬಾಡಿಗೆ ಮನೆಯವ ವರ್ಷಾ ವರ್ಷಾ ಸುಣ್ಣ ಬಳಿದು ತೋರಿಸಲೇಬೇಕಲ್ಲ, ಇಲ್ಲಾಂದ್ರೆ ಬಾಡಿಗೆ ಏರಿಸೋದು ಹೆಂಗೆ?

ಉಪಯೋಗದ್ದು ಇಲ್ಲವೇ ಇಲ್ಲ ಅಂತಲ್ಲ. ರಿಮೂವ್ ಟೂಲಿನಿಂದ ಕರೆಂಟ್ ವೈರು, ಹಿಂದೆ ನಿಂತ ಐಸ್‌ಕ್ರೀಮ್ ಡಬ್ಬಿ ಚೆನ್ನಾಗಿ ಹೋಗ್ತವೆ. ಅದೇ ಕಂಪನಿಯ ಫೋಟೋ ತಿದ್ದೋ ಸಾಫ್ಟ್‌ವೇರ್ ಲೈಟ್‌ರೂಮಿನ ಮಾಸ್ಕುಗಳು (ಫೋಟೋದ ಒಂದು ಭಾಗವನ್ನಷ್ಟೇ ತಿದ್ದೋಕೆ ಬೇರ್ಪಡಿಸೋವು) ಮನುಷ್ಯರನ್ನ, ಆಕಾಶವನ್ನ ತಾವೇ ಗುರುತಿಸ್ತವೆ. ಒಂದು ಫೋಟೋಕ್ಕೆ ಮಾಡಿದ್ದನ್ನ ಇನ್ನೂರಕ್ಕೆ ಅಂಟಿಸಬಹುದು, ಸೀಸನ್ನಿನಲ್ಲಿ ನನಗೆ ದಿನಗಟ್ಟಲೆ ಉಳಿದಿದೆ. 2023ರ ಏಪ್ರಿಲ್‌ನಲ್ಲಿ ಬಂದ ಡಿನಾಯ್ಸ್ ಕೂಡ ಒಳ್ಳೇದು, ರಾತ್ರಿ ಮೆರವಣಿಗೆಯ ಕಾಳು ಕಾಳು ಫೋಟೋ ಹಸನಾಗ್ತದೆ. ಇದೊಂದು ನಿಜಕ್ಕೂ ಗ್ರಾಫಿಕ್ಸ್ ಕಾರ್ಡ್ ಬೇಡ್ತದೆ. ಆದ್ರೆ ಬಂದಾಗ ಅದು ರಾ ಫೈಲಿಗಷ್ಟೇ (ಕ್ಯಾಮೆರಾ ಹಿಡಿದ ಕಚ್ಚಾ, ದೊಡ್ಡ ಫೈಲು) ಅಂತ ಇತ್ತು. ನಿಮ್ಮ ಹುಡುಗರು ರಾ ಹೊಡೀತಾರಾ, ಜೆಪೆಗ್ ಹೊಡೀತಾರಾ? ನಮ್ಮ ಕಡೆ ಹತ್ತರಲ್ಲಿ ಎಂಟು ಮಂದಿ ಕ್ಯಾಮೆರಾದ ಮೆಮರಿ ಕಾರ್ಡ್ ತುಂಬ್ತದೆ ಅಂತ ಜೆಪೆಗ್ಗೇ.

ಹೋಗಿ ನೀವು ಅಡ್ವಾನ್ಸ್ ಕೊಟ್ಟ ಅಂಗಡಿಯವನನ್ನ ಕಾಣ್ರಿ. ಅಡ್ವಾನ್ಸ್ ವಾಪಸ್ ಕೊಡಲ್ಲ ಅಂತಾನೆ, ಗೊತ್ತಿದ್ದದ್ದೇ. ಜಗಳಾಡಬೇಡ್ರಿ, ಅಷ್ಟಕ್ಕೆ ಇದ್ದ ಕಂಪ್ಯೂಟರಿಗೇ ರ‍್ಯಾಮ್ ಇಲ್ಲಾ ಎಸ್‌ಎಸ್‌ಡಿ ಹಾಕಿಕೊಡು ಅನ್ರಿ.