ವಯಸ್ಸಾದ ಮೇಲೆ ತೊಡೆ, ತೋಳು ಸೊರಗುವುದು ಹಾರ್ಮೋನ್ ಕಮ್ಮಿಯಾಗಿಯೇ?

ಪ್ರಶ್ನೆ: ಮಂಡ್ಯದಲ್ಲಿರುವ ನಮ್ಮಪ್ಪನಿಗೆ 70 ವರ್ಷ. ಗದ್ದೆ ಕೆಲಸ ಬಿಟ್ಟಿದ್ದಾರೆ. ಎರಡು ಹೊತ್ತು ಮುದ್ದೆ ಉಂಡರೂ ತೊಡೆ ಸೊರಗುತ್ತಿದೆ. ಹಾರ್ಮೋನ್ ಇಂಜೆಕ್ಷನ್ ಕೊಡಿಸಬೇಕೇ?

ಉತ್ತರ: ಹಾರ್ಮೋನಿನದೂ ಪಾಲಿದೆ, ಆದರೆ ಅದೊಂದೇ ಕಾರಣವಲ್ಲ. ಸದ್ಯಕ್ಕೆ ಇಂಜೆಕ್ಷನ್ ಯೋಚನೆ ಬೇಡ.

ಸ್ನಾಯು ದಿನಾ ಒಂದಿಷ್ಟು ಕರಗಿ, ಒಂದಿಷ್ಟು ಹೊಸದಾಗಿ ಕಟ್ಟಿಕೊಳ್ಳುತ್ತದೆ. 'ಕಟ್ಟು' ಎಂಬ ಸೂಚನೆ ಟೆಸ್ಟೋಸ್ಟೆರಾನ್, ಇನ್ಸುಲಿನ್‌ನಂಥ ಹಾರ್ಮೋನುಗಳಿಂದ, ಊಟದ ಪ್ರೋಟೀನಿನಿಂದ, ಮೈಬಗ್ಗಿಸಿ ಮಾಡುವ ಕೆಲಸದಿಂದ ಬರುತ್ತದೆ. ಗಂಡಸರಲ್ಲಿ ಟೆಸ್ಟೋಸ್ಟೆರಾನ್ ನಡುವಯಸ್ಸಿನಿಂದ ವರ್ಷಕ್ಕೆ ಸುಮಾರು ಶೇ. 1ರಷ್ಟು ಇಳಿಯುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ವಯಸ್ಸಾದ ಸ್ನಾಯುವಿಗೆ ಕಿವಿ ಮಂದ: ಮೊದಲಿನಷ್ಟೇ ಪ್ರೋಟೀನ್ ಕೊಟ್ಟರೂ ಮೊದಲಿನಷ್ಟು ಕಟ್ಟಿಕೊಳ್ಳುವುದಿಲ್ಲ.

ಅವರ ತಟ್ಟೆ ಒಮ್ಮೆ ಗಮನಿಸಿ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ ಅಷ್ಟೇ. ಹಲ್ಲು ಹೋದವರು ಬಸ್ಸಾರಿನ ಸಾರಲ್ಲೇ ಮುದ್ದೆ ನುಂಗಿ, ಬಸಿದ ಕಾಳಿನ ಪಲ್ಯವನ್ನು ಪಕ್ಕಕ್ಕೆ ತಳ್ಳುತ್ತಾರೆ. ಪ್ರೋಟೀನ್ ಇರುವುದೇ ಅದರಲ್ಲಿ! ಕಾಳು ಮೆತ್ತಗೆ ಬೇಯಿಸಿ ಮಸೆದು ಕೊಡಿ. ಮೊಟ್ಟೆ, ಮೊಸರು ಸೇರಿಸಿ. ದಿನಕ್ಕೆ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು (ಕಿಡ್ನಿ ತೊಂದರೆಯಿದ್ದರೆ ಡಾಕ್ಟರನ್ನು ಕೇಳಿ). ಜೊತೆಗೆ, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನು ದಿನಾ ಮಾಡಿಸಿ. ಬರೀ ವಾಕಿಂಗ್ ಸಾಲದು.

ಇಂಜೆಕ್ಷನ್ ಏನಿದ್ದರೂ ಬೆಳಗಿನ ರಕ್ತಪರೀಕ್ಷೆಯಲ್ಲಿ ಎರಡು ಸಲವೂ ಟೆಸ್ಟೋಸ್ಟೆರಾನ್ ಕಮ್ಮಿ ಬಂದು, ಅದರ ಲಕ್ಷಣಗಳೂ ಇರುವವರಿಗೆ. ಅದು ಸ್ನಾಯುವಿನ ಗಾತ್ರ ಹೆಚ್ಚಿಸಿದಷ್ಟು ಬಲ ಹೆಚ್ಚಿಸುವುದಿಲ್ಲ, ರಕ್ತವನ್ನೂ ಗಟ್ಟಿ ಮಾಡಬಹುದು. ತೂಕ ಬೇಗ ಇಳಿಯುತ್ತಿದ್ದರೆ ಮಾತ್ರ ಶುಗರ್, ಥೈರಾಯ್ಡ್ ಪರೀಕ್ಷೆ ತಡಮಾಡಬೇಡಿ.