ಹಿಮದಲ್ಲೇ ಹೋದ ಎರಡು ಗಂಟೆ

(ಮಲ್ಪೆಯ ಐಸ್ ಪ್ಲಾಂಟ್ ಒಂದರಲ್ಲಿ ಹಗಲು ಲೆಕ್ಕ ಬರೆದು, ರಾತ್ರಿ ಗೇಮ್ ಆಡುವ ನಮ್ಮ ಅಂಕಣಕಾರರಿಗೆ ಈ ಸಲ ಬಂದ ಪ್ರಶ್ನೆಗಳು)

ಪ್ರ: ರೆಡ್ ಡೆಡ್ ರಿಡೆಂಪ್ಶನ್ 2 ಗೇಮನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಒಂದೇ ಗಂಟೆಯಲ್ಲಿ ನಿದ್ದೆ ಬಂತು. ತಪ್ಪು ನನ್ನದಾ?
– ಓದುಗರು, ಬಂಟ್ವಾಳ

ಉ: ನಿಮ್ಮದಲ್ಲ ಮಾರಾಯ್ರೇ. ಮೊದಲ ಸಲ ನಾನೂ ಅಲ್ಲೇ ಬಿಟ್ಟವನು. ಶುರುವಿನಲ್ಲಿ ಬರೀ ಹಿಮ. ಮುಂದೆ ಹೋಗುವವರು ಮಾತಾಡುತ್ತಾರೆ, ನಾವು ಬಟನ್ ಒತ್ತಿಕೊಂಡು ಕುದುರೆ ಮೇಲೆ ಹಿಂದೆ ಹಿಂದೆ ಹೋಗುವುದು. ಮೊದಲ ಅಧ್ಯಾಯಕ್ಕೇ ಸುಮಾರು ಎರಡು ಗಂಟೆ. ತಮಾಷೆ ನೋಡಿ, ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ದುಡ್ಡು ವಾಪಸ್ ಕೇಳಬೇಕಾದರೆ ಕೊಂಡು 14 ದಿನ ದಾಟಿರಬಾರದು, ಆಡಿದ್ದು 2 ಗಂಟೆಗಿಂತ ಕಮ್ಮಿ ಇರಬೇಕು. ಹಿಮ ಮುಗಿಯುವ ಹೊತ್ತಿಗೆ ಆ ಬಾಗಿಲು ಮುಚ್ಚಿರುತ್ತದೆ!

ನಾನು ಮತ್ತೆ ಹಿಡಿದದ್ದು ಜೂನ್‌ನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಇಲ್ಲಿ ಬೋಟು ಕಡಲಿಗಿಳಿಯುವುದಿಲ್ಲ, ಐಸಿಗೆ ಗಿರಾಕಿ ಇಲ್ಲ, ನನಗೆ ಕೆಲಸ ಇಲ್ಲ. ಹೊರಗೆ ಜಡಿಮಳೆ. ಆಗ ಗೊತ್ತಾಯಿತು, ಇದು ಅವಸರದಲ್ಲಿ ಆಡುವಂಥದ್ದಲ್ಲ. ಯಕ್ಷಗಾನದ ಶುರುವಿನಲ್ಲಿ ಬಾಲಗೋಪಾಲ ವೇಷ ಕುಣಿಯುವಾಗಲೇ ಎದ್ದು ಹೋದವನಿಗೆ ಪ್ರಸಂಗ ಸಿಗುತ್ತದಾ? ಗೇಮಿನ ನಾಯಕ ಆರ್ಥರ್ ಮಾರ್ಗನ್‌ನ ಗಡ್ಡ ದಿನ ಹೋದಂತೆ ಬೆಳೆಯುತ್ತದೆ. ಕುದುರೆಯ ಮೈ ಉಜ್ಜದಿದ್ದರೆ ಕೆಸರು ಹಾಗೇ ಅಂಟಿಕೊಂಡಿರುತ್ತದೆ. ದೊಡ್ಡ ಬಜೆಟ್ ಇಂಥಲ್ಲಿ ಖರ್ಚಾದರೆ ನನ್ನ ತಕರಾರಿಲ್ಲ. ಗೇಮ್ ಅಂದರೆ ಏನೆಂದೇ ಗೊತ್ತಿಲ್ಲದ ಅಮ್ಮ ಒಂದು ರಾತ್ರಿ ಹಿಂದೆ ನಿಂತು, “ಆ ಕುದುರೆಗೆ ತಿನ್ನಲಿಕ್ಕೆ ಏನಾದ್ರೂ ಕೊಟ್ಟಿದ್ಯಾ?” ಎಂದು ಕೇಳಿದರು. ಕೊಟ್ಟಿರಲಿಲ್ಲ.

ಪ್ರ: ಅಸ್ಯಾಸಿನ್ಸ್ ಕ್ರೀಡ್ ವಲ್ಹಲ್ಲಾದ ಮ್ಯಾಪ್ ಎಷ್ಟು ದೊಡ್ಡದು! ಕೊಟ್ಟ ದುಡ್ಡಿಗೆ ಮೋಸ ಇಲ್ಲ ಅಲ್ವಾ?
– ಓದುಗರು, ಸುರತ್ಕಲ್

ಉ: ಎಲೆ ದೊಡ್ಡದು, ಒಪ್ಪಿದೆ. ಬಡಿಸಿದ್ದು ಮಾತ್ರ ಒಂದೇ ಪಲ್ಯ. ಮ್ಯಾಪ್ ತುಂಬ ಚುಕ್ಕಿ, ಒಂದು ಮುಗಿಸಿ ಇನ್ನೊಂದಕ್ಕೆ ಓಡುವುದು. ಲೆಡ್ಜರ್‌ನಲ್ಲಿ ಟಿಕ್ ಹಾಕುವ ಕೆಲಸ ನಾನು ಹಗಲೇ ಮಾಡಿರುತ್ತೇನೆ.

2015ರ ವಿಚರ್ 3 ಗೇಮಿನಲ್ಲೂ ಈ ಕಾಟ ಉಂಟು. ಸ್ಕೆಲಿಗೆ ದ್ವೀಪಗಳ ಸುತ್ತ ಕಡಲಲ್ಲಿ ಕಳ್ಳಮಾಲು ಹುಡುಕುತ್ತ ಒಂದಿಡೀ ಭಾನುವಾರ ಹಾಳು ಮಾಡಿದ್ದೇನೆ. ಆದರೆ ಅದರಲ್ಲೇ ಬ್ಲಡಿ ಬ್ಯಾರನ್‌ನ ಕತೆಯೂ ಉಂಟು. ಕುಡಿದು ಹೆಂಡತಿಗೆ ಹೊಡೆಯುತ್ತಿದ್ದವನು. ಈಗ ಹೆಂಡತಿ, ಮಗಳು ಇಬ್ಬರೂ ಮನೆಯಲ್ಲಿಲ್ಲ, ಹುಡುಕಿ ಕೊಡು ಅನ್ನುತ್ತಾನೆ. ಉಗಿಯಬೇಕು ಅನ್ನಿಸುತ್ತದೆ, ಸ್ವಲ್ಪ ಹೊತ್ತಿಗೆ ಪಾಪ ಅಂತಲೂ ಅನ್ನಿಸುತ್ತದೆ. ಅದು ಮುಗಿದ ರಾತ್ರಿ ನಾನು ಸುಮ್ನೆ ಕೂತಿದ್ದೆ. ವಲ್ಹಲ್ಲಾದಲ್ಲಿ ಹಾಗೆ ಕೂತದ್ದು ನೆನಪಿಲ್ಲ.

ಪ್ರ: ಸೈಬರ್‌ಪಂಕ್ 2077 ಈಗ ತಗೊಳ್ಳಬಹುದಾ?
– ಓದುಗರು, ಕುಂದಾಪುರ

ಉ: ಈಗ ಧಾರಾಳ. 2020ರ ಡಿಸೆಂಬರ್‌ನಲ್ಲಿ ಬಂದಾಗ ಅದರ ದೋಷ ತುಂಬಿದ ಅವಸ್ಥೆ ನೋಡಿ ಪ್ಲೇಸ್ಟೇಷನ್ ಕಂಪನಿ ಸೋನಿಯೇ ತನ್ನ ಸ್ಟೋರಿನಿಂದ ತೆಗೆದಿತ್ತು. 2021ರ ಜೂನ್‌ನಲ್ಲಿ ವಾಪಸ್ ಬಂತು. 2023ರ 2.0 ಅಪ್‌ಡೇಟ್ ಆದ ಮೇಲೆ ಕಾದಾಟದ ರುಚಿಯೇ ಬೇರೆ. ಬಂಗುಡೆಯಾದರೆ ಬಂದ ದಿನವೇ ತಗೊಳ್ಳಿ. ಇಂಥ ಗೇಮ್‌ಗಳನ್ನು ಒಂದೆರಡು ವರ್ಷ ಐಸಿನಲ್ಲಿಡಿ.

ಪ್ರ: ನನ್ನ ಮಗ ಎಲ್ಡನ್ ರಿಂಗ್‌ನ ಶುರುವಿನಲ್ಲೇ ಹತ್ತು ಸಲ ಸತ್ತು, ಕಂಟ್ರೋಲರನ್ನು ಗೋಡೆಗೆ ಎಸೆದ. ಬೇರೆ ಗೇಮ್ ತೆಗೆದುಕೊಡಲಾ?
– ಓದುಗರು, ಕಾಪು

ಉ: ಚಿನ್ನದ ಬಣ್ಣದ ಕವಚ ತೊಟ್ಟು ಕುದುರೆ ಮೇಲೆ ಬರುವವನೇ ಇರಬೇಕು. ಅವನ ಜೊತೆ ಈಗಲೇ ಹೊಡೆದಾಡಬೇಕೆಂದಿಲ್ಲ, ದೂರದಿಂದ ಸುತ್ತು ಹಾಕಿ ಹೋಗಬಹುದು ಎಂದು ಮಗನಿಗೆ ಹೇಳಿ. ನನಗೆ ಇದು ಹೊಳೆದದ್ದು ಹದಿನೇಳನೇ ಸಲ ಸತ್ತ ಮೇಲೆ. ಕಂಟ್ರೋಲರ್ ಸರಿ ಉಂಟಾ?